ಒಲೆ, ಗೀಸರ್, ಗೋಬರ್ ಗ್ಯಾಸ್: ಒಬ್ಬನೇ ಮೆಕ್ಯಾನಿಕ್‌ಗೆ ಎಲ್ಲ ಗೊತ್ತಿರುತ್ತಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಜೊತೆಗೇ ಸಣ್ಣ ಹೋಂ ಸ್ಟೇ ಇದೆ. ಅಡುಗೆಗೆ ಸಿಲಿಂಡರ್, ಅತಿಥಿಗಳ ಬಚ್ಚಲಿಗೆ ಗ್ಯಾಸ್ ಗೀಸರ್, ಹಿಂದಿನ ಅಡುಗೆಮನೆಗೆ ಗೋಬರ್ ಗ್ಯಾಸ್. ಮೂರಕ್ಕೂ ಪೇಟೆಯಿಂದ ಒಬ್ಬನೇ ಮೆಕ್ಯಾನಿಕ್ ಬರ್ತಾನೆ. ಹೋದ ತಿಂಗಳು ಗೀಸರ್ ಮಧ್ಯೆ ಮಧ್ಯೆ ಆಫ್ ಆಗ್ತಿತ್ತು. ಹತ್ತೇ ನಿಮಿಷದಲ್ಲಿ ಸರಿ ಮಾಡಿ ಹೋದ. ಆಮೇಲೆ ನೋಡಿದರೆ ಒಂದು ತುಂಡು ವೈರ್ ನೆಲದ ಮೇಲೆ ಬಿದ್ದಿತ್ತು. ಇವನಿಗೆ ನಿಜವಾಗಿ ಕೆಲಸ ಗೊತ್ತಿದೆಯಾ ಅಂತ ತಿಳಿಯುವುದು ಹೇಗೆ? ಇಂಥವರಿಗೆ ಟ್ರೈನಿಂಗ್, ಸರ್ಟಿಫಿಕೇಟ್ ಅಂತ ಇರುತ್ತಾ? ನನ್ನ ಅಣ್ಣನ ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ, ಈ ಕೆಲಸ ಕಲಿಯಬೇಕು ಅಂತಿದ್ದಾನೆ. ಎಲ್ಲಿ ಕಲಿಯಬಹುದು?

ಉತ್ತರ: ಮೊದಲು ಗೀಸರ್ ವಿಷಯ, ಉಳಿದದ್ದು ಆಮೇಲೆ. ಇವತ್ತೇ ಅದನ್ನು ಬಂದ್ ಮಾಡಿ. ಸಿಲಿಂಡರಿನಿಂದ ರೆಗ್ಯುಲೇಟರ್ ತೆಗೆದು, ಬಾಯಿಗೆ ಕ್ಯಾಪ್ ಹಾಕಿಡಿ. ಅತಿಥಿಗಳಿಗೆ ಸ್ವಲ್ಪ ದಿನ ಹಂಡೆಯಲ್ಲೇ ನೀರು ಕಾಯಿಸಿ ಕೊಡಿ. ಮಲೆನಾಡಿಗೆ ಬರುವವರು ಅದರದ್ದೂ ಫೋಟೊ ತೆಗೆದುಕೊಂಡು ಖುಷಿಪಡುತ್ತಾರೆ. ಆ ವೈರಿನ ತುಂಡು ನನಗೆ ಸರಿ ಕಾಣುತ್ತಿಲ್ಲ.

ಗ್ಯಾಸ್ ಗೀಸರಿನ ಒಳಗೆ ನಡೆಯುವುದು ಇಷ್ಟು. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡಕ್ಕೆ ಒಂದು ರಬ್ಬರ್ ಡಯಾಫ್ರಮ್ ಉಬ್ಬುತ್ತದೆ. ಅದು ಒಂದು ಸಣ್ಣ ಸ್ವಿಚ್ ಒತ್ತುತ್ತದೆ. ಎರಡು ಬ್ಯಾಟರಿ ಸೆಲ್ಲಿನ ಬಲದಿಂದ ಕಿಡಿ ಹಾರುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರ್ ಹತ್ತಿಕೊಳ್ಳುತ್ತದೆ. ಉರಿಯ ಪಕ್ಕದಲ್ಲಿ ಒಂದು ಲೋಹದ ಕಡ್ಡಿ ಇರುತ್ತದೆ. ಉರಿ ಇದೆಯೋ ಇಲ್ಲವೋ ನೋಡುವುದು ಅದರ ಕೆಲಸ. ಮೇಲೆ ನೀರು ಕಾಯುವ ತಾಮ್ರದ ಭಾಗಕ್ಕೆ ಒಂದು ಪುಟ್ಟ ಕಟ್-ಆಫ್ ಕೂರಿಸಿರುತ್ತಾರೆ. ಜಾಸ್ತಿ ಬಿಸಿಯಾದರೆ ಅದು ಗ್ಯಾಸ್ ನಿಲ್ಲಿಸುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕೋಣೆಯ ಆಮ್ಲಜನಕ ಕಡಿಮೆಯಾದರೆ ನಿಲ್ಲಿಸುವ ಸೆನ್ಸರ್ ಇರುತ್ತದೆ. ಹಲವು ಮಾಡೆಲ್‌ಗಳಲ್ಲಿ 20 ನಿಮಿಷಕ್ಕೆ ತಾನಾಗೇ ನಿಲ್ಲುವ ಟೈಮರ್ ಇರುತ್ತದೆ.

ಈಗ ಗೀಸರ್ ಮಧ್ಯೆ ಮಧ್ಯೆ ಆರಿತು ಅಂದರೆ ಏನಾಗಿರಬಹುದು? ಸೆಲ್ ಮುಗಿದಿರಬಹುದು. ಟ್ಯಾಂಕ್ ಎತ್ತರ ಸಾಲದೆ ನೀರಿನ ಒತ್ತಡ ಕಡಿಮೆ ಇರಬಹುದು. ಕಡ್ಡಿಗೆ ಮಸಿ ಹಿಡಿದಿರಬಹುದು. ಈ ಮೂರೂ ಸಣ್ಣ ವಿಷಯ. ಆದರೆ ತಾಮ್ರದ ರೆಕ್ಕೆಗಳಲ್ಲಿ ಮಸಿ ತುಂಬಿ ಮೈ ವಿಪರೀತ ಕಾದು ನಿಂತಿದ್ದರೆ, ಇಲ್ಲಾ ಬಚ್ಚಲಲ್ಲಿ ಗಾಳಿ ಸಾಲದೆ ನಿಂತಿದ್ದರೆ, ಅದು ಕೆಟ್ಟದ್ದಲ್ಲ. ತನ್ನ ಕೆಲಸ ಸರಿಯಾಗಿ ಮಾಡಿದೆ. ಕೆಲಸ ಬಲ್ಲವನು ಇವುಗಳಲ್ಲಿ ಯಾವುದು ಅಂತ ಒಂದೊಂದಾಗಿ ಹುಡುಕುತ್ತಾನೆ. ಬಾರದವನು ಕಟ್-ಆಫ್‌ಗೆ ಹೋಗುವ ವೈರ್ ಕತ್ತರಿಸಿ ಎರಡೂ ತುದಿ ಸೇರಿಸಿ ಟೇಪ್ ಸುತ್ತುತ್ತಾನೆ. ಆಮೇಲೆ ಗೀಸರ್ ಆರುವುದೇ ಇಲ್ಲ. ಮನೆಯವರಿಗೆ ಖುಷಿ, ಅವನಿಗೆ ದುಡ್ಡು.

ನಿಮ್ಮಲ್ಲೂ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆ ತುಂಡು ಬೇರೆ ಯಾವುದೋ ಕೆಲಸದ್ದೂ ಇರಬಹುದು. ಆದರೆ ಗೀಸರ್ ಮಾಡಿದ ಕಂಪನಿಯ ಸರ್ವಿಸ್‌ನವರು ಮುಚ್ಚಳ ತೆಗೆದು ನೋಡುವ ತನಕ ಅದರಲ್ಲಿ ಯಾರೂ ಸ್ನಾನ ಮಾಡುವುದು ಬೇಡ.

ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಐದಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರದ ಬಚ್ಚಲು ಅಂದುಕೊಳ್ಳಿ. ಒಳಗಿರುವ ಗಾಳಿ ಸುಮಾರು ನಾಲ್ಕೂವರೆ ಘನ ಮೀಟರ್. ಮನೆಬಳಕೆಯ ಸಣ್ಣ ಗೀಸರ್ ಹತ್ತು ನಿಮಿಷ ಉರಿದರೆ ಹೆಚ್ಚುಕಡಿಮೆ 130 ಗ್ರಾಂ ಗ್ಯಾಸ್ ಸುಡುತ್ತದೆ. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಒಂದೂವರೆ ಘನ ಮೀಟರಿಗೂ ಮೇಲೆ ಗಾಳಿ ಬೇಕು. ಅಂದರೆ ಒಂದು ಸ್ನಾನಕ್ಕೆ ಕೋಣೆಯ ಗಾಳಿಯಲ್ಲಿ ಮೂರನೇ ಒಂದು ಪಾಲು ಖಾಲಿ. ಉರಿ ಕೆಡಲು ಅಷ್ಟೂ ಮುಗಿಯಬೇಕಾಗಿಲ್ಲ. ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕ ಕೆಲವೇ ಅಂಕ ಇಳಿದರೂ ಉರಿ ಅರೆಬರೆಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕಾಲಲ್ಲಿ ಬಲವೇ ಇರುವುದಿಲ್ಲ. ಬಾಗಿಲ ಚಿಲಕ ತೆಗೆಯಬೇಕು ಅಂತ ಅನಿಸುವ ಹೊತ್ತಿಗೆ ಕೈ ಎತ್ತಲು ಆಗದೆ ಹೋಗಬಹುದು. ಬಚ್ಚಲಲ್ಲಿ ಯಾರಿಗಾದರೂ ಹೀಗಾದರೆ ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಆಮೇಲೆ ಗೀಸರ್ ಆರಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಮಲೆನಾಡಿನಲ್ಲಿ ಈ ಅಪಾಯ ಒಂದು ಕೈ ಹೆಚ್ಚು. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಕರೆಂಟ್ ಗೀಸರ್ ನಂಬಿ ಕೂರಲಾಗದು ಅಂತ ಜನ ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಇರಚಲು ಬರುತ್ತದೆ ಅಂತ ಕಿಟಕಿ ಮುಚ್ಚುತ್ತಾರೆ, ಬಾಗಿಲ ಸಂದಿಗೂ ಬಟ್ಟೆ ತುರುಕುತ್ತಾರೆ. ಹಳೇ ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೋಗುತ್ತಿತ್ತು. ಈಗ ಆರ್‌ಸಿಸಿ ಮಾಡು, ಟೈಲ್ಸ್ ಗೋಡೆ. ಆದ್ದರಿಂದ ನಿಮ್ಮ ಗೀಸರನ್ನು ಬಚ್ಚಲಿನಿಂದ ಹೊರಗೆ ತೆಗೆಸಿ. ಹೊರಗೋಡೆಗೆ, ಸೂರಿನ ಕೆಳಗೆ, ಗಾಳಿ-ಮಳೆ ನೇರ ಹೊಡೆಯದ ಕಡೆ ಕೂರಿಸಿ ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಪಕ್ಕದಲ್ಲೇ ಕಿಟಕಿ ಇರಬಾರದು, ಹೊಗೆ ಅದರಿಂದಲೇ ಒಳಗೆ ಬಂದೀತು. ಬಚ್ಚಲ ಒಳಗೇ ಹಾಕಿಕೊಡುತ್ತೇನೆ ಅಂತ ಮುಂದೆ ಬರುವ ಮೆಕ್ಯಾನಿಕ್ ಎಷ್ಟೇ ಚುರುಕಿರಲಿ, ಆ ಒಂದು ಮಾತಿನಲ್ಲೇ ಅವನಿಗೆ ಗೀಸರ್ ಬರುವುದಿಲ್ಲ ಅಂತ ತಿಳಿಯಿರಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಬ್ಬನಿಗೇ ಮೂರೂ ಗೊತ್ತಿರುತ್ತಾ? ಗೊತ್ತಿರಬಹುದು, ಆದರೆ ಒಂದು ಗೊತ್ತಿದ್ದರೆ ಇನ್ನೆರಡು ಬಂದುಬಿಡುವುದಿಲ್ಲ. ನಮ್ಮ ಊರುಗಳಲ್ಲಿ ಇದೇ ತಪ್ಪುತ್ತಿರುವುದು. ‘ಗ್ಯಾಸ್ ರಿಪೇರಿ’ ಅಂತ ಒಂದೇ ಬೋರ್ಡು, ಅದರ ಕೆಳಗೆ ಒಲೆಯಿಂದ ಹೋಟೆಲ್ ಭಟ್ಟಿವರೆಗೆ ಎಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಅದು ಹುಟ್ಟಿದ್ದು ಒಂದು ದುರಂತದ ಬೆನ್ನಿಗೆ. 1968ರ ಮೇ 16ರ ಬೆಳಗ್ಗೆ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದಲ್ಲಿ ಒಬ್ಬ ಹೆಂಗಸು ಟೀ ಕಾಯಿಸಲು ಕಡ್ಡಿ ಗೀರಿದರು. ಒಲೆಗೆ ಗ್ಯಾಸ್ ಪೈಪ್ ಸೇರಿಸುವ ಹಿತ್ತಾಳೆ ನಟ್ಟು ಕಳಪೆಯದಾಗಿತ್ತು, ಅದು ಒಡೆದು ಗ್ಯಾಸ್ ಸೋರಿತ್ತು. ಸ್ಫೋಟಕ್ಕೆ ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಕುಸಿಯಿತು, ನಾಲ್ವರು ಸತ್ತರು. ಒಲೆ ಹಚ್ಚಿದ ಆ ಹೆಂಗಸು ಬದುಕಿಕೊಂಡರು. 1970ರಲ್ಲಿ ಗ್ಯಾಸ್ ಕೆಲಸದವರ ಪಟ್ಟಿ ಶುರುವಾಯಿತು. ಮೊದಮೊದಲು ಸೇರಲೇಬೇಕು ಅಂತ ಇರಲಿಲ್ಲ, ಆಮೇಲೆ ಕಡ್ಡಾಯವಾಯಿತು. 2009ರಿಂದ ಅದಕ್ಕೆ ‘ಗ್ಯಾಸ್ ಸೇಫ್ ರಿಜಿಸ್ಟರ್’ ಅಂತ ಹೆಸರು. ಅದರಲ್ಲಿ ಹೆಸರಿಲ್ಲದವರು ದುಡ್ಡಿಗೆ ಗ್ಯಾಸ್ ಕೆಲಸ ಮಾಡಿದರೆ ಅಲ್ಲಿ ಅಪರಾಧ.

ನನಗೆ ಅದರಲ್ಲಿ ಇಷ್ಟವಾದದ್ದು ಐಡಿ ಕಾರ್ಡಿನ ಹಿಂಬದಿ. ಮುಂದೆ ಫೋಟೊ, ನಂಬರ್. ಹಿಂದೆ ತಿರುಗಿಸಿದರೆ ಈ ವ್ಯಕ್ತಿ ಯಾವ ಯಾವ ಸಾಮಾನು ಮುಟ್ಟಬಹುದು ಅಂತ ಬರೆದಿರುತ್ತದೆ: ಅಡುಗೆ ಒಲೆ, ಬಾಯ್ಲರ್, ವಾಟರ್ ಹೀಟರ್, ಹೀಗೆ. ಒಲೆ ಅಂತ ಬರೆದಿದ್ದು ಬಾಯ್ಲರ್ ಅಂತ ಇಲ್ಲದಿದ್ದರೆ ಅವನು ಬಾಯ್ಲರಿಗೆ ಕೈ ಹಾಕುವ ಹಾಗಿಲ್ಲ. ಜೊತೆಗೆ ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಇಪ್ಪತ್ತು ವರ್ಷದ ಅನುಭವ ಇದೆ ಅಂದರೂ ಬಿಡುವುದಿಲ್ಲ. ಅನುಭವದ ಜೊತೆಗೆ ಉಡಾಫೆಯೂ ಬೆಳೆಯುತ್ತದಲ್ವಾ?

ನಮ್ಮಲ್ಲಿ ಆ ಥರದ ಕಡ್ಡಾಯ ರಿಜಿಸ್ಟರ್ ಇಲ್ಲ. ಇರುವುದು ಬಿಡಿಬಿಡಿ ದಾರಿಗಳು. ಗ್ಯಾಸ್ ಏಜೆನ್ಸಿಗಳಲ್ಲಿ ಮೆಕ್ಯಾನಿಕ್‌ಗಳಿರುತ್ತಾರೆ, ಅವರಿಗೆ ಆಯಿಲ್ ಕಂಪನಿಗಳು ತರಬೇತಿ ಕೊಡಿಸುತ್ತವೆ. ಸ್ಟೌವ್, ಗೀಸರ್ ಮಾಡುವ ಕಂಪನಿಗಳು ತಮ್ಮ ಸರ್ವಿಸ್ ಹುಡುಗರಿಗೆ ತಮ್ಮ ಮಾಡೆಲ್‌ಗಳನ್ನು ಕಲಿಸುತ್ತವೆ. ಕೇಂದ್ರ ಸರ್ಕಾರದ ಕೌಶಲ್ಯ ಯೋಜನೆಯಡಿ ಹೈಡ್ರೋಕಾರ್ಬನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಂತ ಒಂದಿದೆ. ಅದು ‘ಎಲ್‌ಪಿಜಿ ಮೆಕ್ಯಾನಿಕ್’ ಎಂಬ ಕೆಲಸಕ್ಕೆ ಏನೇನು ಬರಬೇಕು ಅಂತ ಪಟ್ಟಿ ಮಾಡಿ, ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುತ್ತದೆ. ಈಗಾಗಲೇ ಕೆಲಸ ಮಾಡುತ್ತಿರುವವರ ಕೈಚಳಕ ನೋಡಿ, ಕಡಿಮೆ ಅವಧಿಯಲ್ಲಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ದಾರಿಯೂ ಇದೆ. ಇವು ಯಾವುದೂ ಇಲ್ಲದೆ, ಅಂಗಡಿಯಲ್ಲಿ ಹಿರಿಯನೊಬ್ಬನ ಪಕ್ಕ ಕೂತು ಕಲಿತವರೇ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಜಾಸ್ತಿ. ಅವರಲ್ಲಿ ಒಳ್ಳೆಯವರು ಬೇಕಾದಷ್ಟಿದ್ದಾರೆ. ಆದರೆ ಗುರು ಮಾಡುತ್ತಿದ್ದ ತಪ್ಪು ಶಿಷ್ಯನಿಗೂ ಹಾಗೇ ದಾಟುತ್ತದೆ. ಯಾರೂ ನಡುವೆ ಬಂದು ತಿದ್ದುವುದಿಲ್ಲ.

ಹಾಗಾದರೆ ಮನೆಯವರು ಕೆಲಸ ಬಲ್ಲವನನ್ನು ಗುರುತಿಸುವುದು ಹೇಗೆ? ರಿಪೇರಿ ಮಾಡುವಾಗ ನೋಡಿದರೆ ನಮಗೆ ಗೊತ್ತಾಗುವುದಿಲ್ಲ. ರಿಪೇರಿ ಮುಗಿದ ಮೇಲೆ ಏನು ಮಾಡುತ್ತಾನೆ ನೋಡಿ. ಸ್ಪ್ಯಾನರ್ ಚೀಲಕ್ಕೆ ಹಾಕಿ ಕೈ ಒರೆಸಿಕೊಂಡು ಹೊರಟನೋ, ಅಥವಾ ಇನ್ನೂ ಹತ್ತು ನಿಮಿಷ ಕೂತು ಪರೀಕ್ಷೆ ಮಾಡಿದನೋ?

ಪರೀಕ್ಷೆ ಅಂದರೆ ಒಂದು, ಸೋಪಿನ ನೊರೆ. ರೆಗ್ಯುಲೇಟರ್, ಟ್ಯೂಬಿನ ಎರಡೂ ತುದಿ, ತಾನು ಬಿಚ್ಚಿದ ಪ್ರತಿಯೊಂದು ಜಾಯಿಂಟ್‌ಗೂ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಬೇಕು. ಬೆಂಕಿಕಡ್ಡಿ ಹಿಡಿದು ನೋಡುವವನನ್ನು ಅಲ್ಲಿಂದಲೇ ಕಳಿಸಿಬಿಡಿ. ಇನ್ನೊಂದು, ಒತ್ತಡ ಅಳೆಯುವುದು. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಪಟ್ಟಿಗೆ ಕಟ್ಟಿ, ಅರ್ಧ ನೀರು ತುಂಬಿದರೆ ಆಯಿತು. ಒಂದು ತುದಿಯನ್ನು ಬರ್ನರ್ ತೆಗೆದಾಗ ಕಾಣುವ, ಗ್ಯಾಸ್ ಹೊರಬರುವ ಸಣ್ಣ ತೂತಿನ ತುದಿಯಾದ ಜೆಟ್‌ಗೆ ಬಿಗಿಯಾಗಿ ಸಿಕ್ಕಿಸಿ, ಆ ನಾಬ್ ಮಾತ್ರ ತೆರೆದು, ರೆಗ್ಯುಲೇಟರ್ ಆನ್ ಮಾಡುತ್ತಾರೆ. ಮನೆ ರೆಗ್ಯುಲೇಟರ್ ಸರಿಯಿದ್ದರೆ ಎರಡು ಕಾಲುಗಳ ನೀರಿನ ಮಟ್ಟದಲ್ಲಿ 30 ಸೆಂಟಿಮೀಟರ್ ಆಸುಪಾಸು ವ್ಯತ್ಯಾಸ ಕಾಣಬೇಕು. ಈಗ ರೆಗ್ಯುಲೇಟರ್ ಆಫ್ ಮಾಡಿ ಕೆಲವು ನಿಮಿಷ ಸುಮ್ನೆ ಕಾಯಬೇಕು. ನೀರಿನ ಮಟ್ಟ ಅಲ್ಲಾಡದಿದ್ದರೆ ಎಲ್ಲೂ ಸೋರಿಕೆ ಇಲ್ಲ. ಮೆಲ್ಲಗೆ ಇಳಿದರೆ ಎಲ್ಲೋ ಸೋರುತ್ತಿದೆ, ನೊರೆಗೆ ಸಿಗದಷ್ಟು ಸಣ್ಣದಾದರೂ ಸರಿ. ಈ ಟ್ಯೂಬ್ ಮಾಡಲು ಒಂದು ಪ್ಲೇಟ್ ಇಡ್ಲಿಯಷ್ಟೂ ಖರ್ಚಾಗುವುದಿಲ್ಲ. ಆದರೂ ಎಷ್ಟು ಜನರ ಚೀಲದಲ್ಲಿದೆ ಅಂತ ಕೇಳಿ ನೋಡಿ.

ಸೋರಿಕೆಗೆ ಯಾಕಿಷ್ಟು ಮಹತ್ವ ಅಂದರೆ, ಎಲ್‌ಪಿಜಿ ಗಾಳಿಗಿಂತ ಭಾರ. ಮೇಲೆ ಹೋಗಿ ಕಿಟಕಿಯಿಂದ ಹಾರಿ ಹೋಗುವುದಿಲ್ಲ, ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. 14.2 ಕೆಜಿಯ ಸಿಲಿಂಡರಿನಿಂದ ಒಂದೇ ಕೆಜಿ ಸೋರಿದರೂ ಹತ್ತಡಿ-ಹತ್ತಡಿಯ ಅಡುಗೆಮನೆ ಹೆಚ್ಚುಕಡಿಮೆ ಆ ಮಟ್ಟ ಮುಟ್ಟುತ್ತದೆ. ನಮ್ಮ ಕಡೆ ಮನೆಗಳು ಇಳಿಜಾರಿನಲ್ಲಿರುತ್ತವೆ. ಅಡುಗೆಮನೆಯ ನೀರು ಹೋಗುವ ತೂತಿನಿಂದ ಗ್ಯಾಸ್ ಕೆಳಗಿನ ಕೊಟ್ಟಿಗೆಗೂ ಇಳಿಯಬಹುದು. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ತೆರೆದು, ಮನೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುವ ನಂಬರ್ ಅದು.

ಕೊನೆಯ ಪರೀಕ್ಷೆ ಉರಿಯದ್ದು. ದೊಡ್ಡದು, ಸಣ್ಣದು, ಸಿಮ್ ಮೂರರಲ್ಲೂ ಉರಿ ನೀಲಿಯಾಗಿ, ಬರ್ನರಿಗೆ ಅಂಟಿಕೊಂಡೇ ಉರಿಯಬೇಕು. ಹಳದಿ ತುದಿ ಇದ್ದರೆ ಗಾಳಿ ಸಾಲದು, ಪಾತ್ರೆಯ ತಳ ಕಪ್ಪಾಗುತ್ತದೆ. ಬರ್ನರಿನಿಂದ ಎದ್ದು ಹಾರುತ್ತಿದ್ದರೆ ಗಾಳಿ ಹೆಚ್ಚು, ಇಲ್ಲಾ ಒತ್ತಡ ಹೆಚ್ಚು. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಹಳದಿ ಉರಿಗೆ ಇನ್ನೊಂದು ಕಾರಣವೂ ಉಂಟು. ಬಳಸದೆ ಬಿಟ್ಟ ಬರ್ನರಿನ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಜೇಡ ಬಲೆ ಹೆಣೆದಿರುತ್ತದೆ. ಜೆಟ್ ಸರಿಯಿದ್ದರೂ ಗಾಳಿ ಸೇರುವ ದಾರಿ ಮುಚ್ಚಿರುತ್ತದೆ. ಅನುಭವಿ ಮೆಕ್ಯಾನಿಕ್ ಮೊದಲು ಅಲ್ಲಿ ಟಾರ್ಚ್ ಹಾಕುತ್ತಾನೆ. ಹೊಸಬ ಸೂಜಿ ಹಿಡಿದು ಜೆಟ್ ಕೆದಕುತ್ತಾನೆ.

ಸೂಜಿ ಅಂದೆನಲ್ಲ, ಒಲೆ ರಿಪೇರಿಯಲ್ಲಿ ಗೊತ್ತಿಲ್ಲದವನ ಗುರುತು ಅದೇ. ಜೆಟ್ಟಿನ ತೂತು ಒಂದು ಮಿಲಿಮೀಟರಿಗೂ ಸಣ್ಣದು. 0.7 ಮಿಲಿಮೀಟರ್ ಇದ್ದದ್ದನ್ನು ಕೆದಕಿ 0.8 ಮಾಡಿದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಗ್ಯಾಸ್ ಮಾತ್ರ ನೂರಕ್ಕೆ ಮೂವತ್ತರಷ್ಟು ಜಾಸ್ತಿ ಹರಿಯುತ್ತದೆ, ಯಾಕಂದರೆ ತೂತಿನ ವಿಸ್ತಾರ ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಉರಿ ದೊಡ್ಡದಾಯಿತು ಅಂತ ಮನೆಯವರು ಮೆಚ್ಚುತ್ತಾರೆ. ಸಿಲಿಂಡರ್ ಬೇಗ ಖಾಲಿಯಾದಾಗ ಏಜೆನ್ಸಿಯವರನ್ನು ಬಯ್ಯುತ್ತಾರೆ.

ನಾಬ್ ಬಿಗಿಯಾಗಿದೆ ಅಂತ ಕರೆಸಿದಾಗ ಹತ್ತಿರ ನಿಂತು ನೋಡಿ. ನಾಬಿನ ಕೆಳಗೆ ಹಿತ್ತಾಳೆಯ ಕಾಕ್ ಇರುತ್ತದೆ. ಅದರೊಳಗೆ ಶಂಕುವಿನ ಆಕಾರದ ಒಂದು ತುಂಡು, ಮೈಯಲ್ಲಿ ತೂತು. ಆ ತುಂಡು ತಿರುಗಿದಾಗ ತೂತಿಗೆ ತೂತು ಸೇರಿ ಗ್ಯಾಸ್ ಬರುತ್ತದೆ. ಒಳಗಿನ ಗ್ರೀಸ್ ಒಣಗಿದರೆ ಬಿಗಿಯಾಗುತ್ತದೆ. ಬಲ್ಲವನು ಮೊದಲು ರೆಗ್ಯುಲೇಟರ್ ಕಳಚುತ್ತಾನೆ. ಒಂದು ಕಾಕ್ ಬಿಚ್ಚಿ, ಒರೆಸಿ, ಶಾಖ ತಡೆಯುವ ಗ್ರೀಸನ್ನು ತೆಳುವಾಗಿ ಸವರಿ, ತೂತಿನ ಮೇಲೆ ಗ್ರೀಸ್ ಕೂರದಂತೆ ನೋಡಿ, ಮತ್ತೆ ಜೋಡಿಸುತ್ತಾನೆ. ಆಮೇಲೆ ಎರಡನೆಯದು. ಗೊತ್ತಿಲ್ಲದವನು ಎರಡೂ ಮೂರೂ ಒಟ್ಟಿಗೆ ಬಿಚ್ಚಿ ಒಂದೇ ಡಬ್ಬಿಯಲ್ಲಿ ಹಾಕಿ ತೊಳೆಯುತ್ತಾನೆ. ಒಂದೊಂದು ಶಂಕುವನ್ನೂ ಅದರ ಗೂಡಿಗೇ ಉಜ್ಜಿ ಕೂರಿಸಿರುತ್ತಾರೆ. ನೋಡಲು ಎಲ್ಲ ಒಂದೇ ಥರ, ಆದರೆ ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕೂದಲೆಳೆ ಸಂದಿ ಉಳಿದು ಸೋರುತ್ತದೆ. ಗ್ರೀಸ್ ಹಸಿ ಇರುವ ತನಕ ಗೊತ್ತಾಗುವುದಿಲ್ಲ.

ಗೋಬರ್ ಗ್ಯಾಸ್ ಕತೆಯೇ ಬೇರೆ. ಅದರಲ್ಲಿ ಮೀಥೇನ್ ನೂರಕ್ಕೆ ಐವತ್ತೈದರಿಂದ ಅರವತ್ತೈದು, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅಷ್ಟೇ ಗಾತ್ರದ ಎಲ್‌ಪಿಜಿಗೆ ಹೋಲಿಸಿದರೆ ಶಾಖ ಐದನೇ ಒಂದು ಪಾಲಿನಷ್ಟು ಮಾತ್ರ. ಒತ್ತಡವೂ ತುಂಬಾ ಕಡಿಮೆ. ಆದ್ದರಿಂದ ಜೆಟ್ ದೊಡ್ಡದು ಬೇಕು. ಗಾಳಿ ಕಡಿಮೆ ಸಾಕು: ಒಂದು ಪಾಲು ಗೋಬರ್ ಗ್ಯಾಸಿಗೆ ಸುಮಾರು ಆರು ಪಾಲು, ಎಲ್‌ಪಿಜಿಗಾದರೆ ಇಪ್ಪತ್ತೈದರಿಂದ ಮೂವತ್ತು ಪಾಲು. ಹಳೇ ಎಲ್‌ಪಿಜಿ ಸ್ಟೌವ್‌ನ ಜೆಟ್‌ಗೆ ಡ್ರಿಲ್ ಹೊಡೆದು ಗೋಬರ್ ಗ್ಯಾಸಿಗೆ ಹಾಕಿಕೊಡುವುದು ಸಾಗರ, ತೀರ್ಥಹಳ್ಳಿ ಕಡೆಯೂ ಉಂಟು. ಗಾಳಿಯ ದಾರಿಯನ್ನೂ ಸರಿ ಮಾಡಿದರೆ ಹೇಗೋ ಉರಿಯುತ್ತದೆ. ಅಪಾಯ ಬರುವುದು ಆಮೇಲೆ. ಸಗಣಿ ಕಡಿಮೆಯಾಗಿ ಗ್ಯಾಸ್ ನಿಂತಾಗ, ಅದೇ ಒಲೆಯನ್ನು ಯಾರೋ ಸಿಲಿಂಡರಿಗೆ ಸಿಕ್ಕಿಸುತ್ತಾರೆ. ದೊಡ್ಡ ತೂತಿನಿಂದ ಎಲ್‌ಪಿಜಿ ನುಗ್ಗಿ ಹಳದಿ ಜ್ವಾಲೆ ಮೊಳದುದ್ದ ಏಳುತ್ತದೆ. ಹಾಗಾಗಿ ನಿಮ್ಮ ಹಿಂದಿನ ಅಡುಗೆಮನೆಯ ಒಲೆಗೆ ದಪ್ಪ ಅಕ್ಷರದಲ್ಲಿ ‘ಗೋಬರ್’ ಅಂತ ಪೇಂಟ್ ಮಾಡಿಸಿ. ನಿಮಗೆ ಗೊತ್ತಿದೆ, ಆದರೆ ಕೆಲಸದವರಿಗೆ, ಬಂದ ನೆಂಟರಿಗೆ ಗೊತ್ತಿರುವುದಿಲ್ಲ.

ಗೋಬರ್ ಗ್ಯಾಸಿನಲ್ಲಿ ಇನ್ನೆರಡು ಕಾಟ. ಪೈಪಿನಲ್ಲಿ ನೀರು ಕೂರುತ್ತದೆ, ಉರಿ ಪುಕ್ಕು ಪುಕ್ಕು ಅಂತ ಕುಣಿಯುತ್ತದೆ. ಇದಕ್ಕೆ ಮೆಕ್ಯಾನಿಕ್ ಬೇಡ, ಪೈಪಿನ ತಗ್ಗಿನಲ್ಲಿರುವ ವಾಲ್ವ್ ತೆರೆದು ನೀರು ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ, ಜೆಟ್ ಬೇಗ ಕೆಡುತ್ತದೆ. ಈ ಕೆಲಸ ಬಲ್ಲವರು ಗ್ಯಾಸ್ ಅಂಗಡಿಗಿಂತ ಗುಂಡಿ ಕಟ್ಟುವ ಗಾರೆಯವರ ಜೊತೆ ಜಾಸ್ತಿ ಸಿಗುತ್ತಾರೆ. ಗುಮ್ಮಟದ ಹಾಗೆ ಕಟ್ಟುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಕಟ್ಟಿದವರನ್ನೇ ಕೇಳಿ.

ಹೋಂ ಸ್ಟೇ ಅಂದಿರಿ. ವ್ಯಾಪಾರದ ಅಡುಗೆಗೆ ಮನೆಯ 14.2 ಕೆಜಿ ಸಿಲಿಂಡರ್ ಬಳಸುವ ಹಾಗಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಳ್ಳಿ. ಭಟ್ಟಿ ಬರ್ನರಿಗೆ ಬರುವ ಹೈ ಪ್ರೆಶರ್ ರೆಗ್ಯುಲೇಟರನ್ನು ಮನೆ ಸ್ಟೌವ್‌ಗೆ ಹಾಕಲು ಯಾರಿಗೂ ಬಿಡಬೇಡಿ. ಟ್ಯೂಬ್ ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣೆದ ಸುರಕ್ಷಾ ಟ್ಯೂಬ್ ಆಗಿರಲಿ, ಮಲೆನಾಡಿನ ಇಲಿಗಳಿಗೆ ಸಾದಾ ರಬ್ಬರ್ ಅಂದರೆ ಪ್ರಾಣ. ಐದು ವರ್ಷಕ್ಕೆ ಬದಲಿಸಿ.

ಈಗ ಹುಡುಗನ ವಿಷಯ. ಫಿಟ್ಟರ್ ಮುಗಿಸಿದ್ದಾನೆ ಅಂದರೆ ಒಳ್ಳೆಯ ತಳಪಾಯ. ಅರ, ಥ್ರೆಡ್, ಅಳತೆ ಗೊತ್ತಿರುತ್ತದೆ, ಮುಖ್ಯವಾಗಿ ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಅಂತ ಕೈಗೆ ಗೊತ್ತಿರುತ್ತದೆ. ಇನ್ನು ಕಲಿಯಬೇಕಾದ್ದು ಉರಿ, ಗಾಳಿ, ಒತ್ತಡ. ನನ್ನನ್ನು ಕೇಳಿದರೆ ಮೊದಲು ಯಾವುದಾದರೂ ಗ್ಯಾಸ್ ಏಜೆನ್ಸಿಯಲ್ಲಿ ಮೆಕ್ಯಾನಿಕ್ ಜೊತೆ ಸೇರಲಿ. ಸಂಬಳ ಕಡಿಮೆ ಸಿಗಬಹುದು, ಆದರೆ ಸೋರಿಕೆ ದೂರು ಬಂದ ಮನೆಗೆ ಮೊದಲು ಹೋಗುವವರು ಅವರೇ. ಅಲ್ಲಿ ಕಲಿಯುವುದು ಯಾವ ಕ್ಲಾಸಿನಲ್ಲೂ ಸಿಗುವುದಿಲ್ಲ. ಒಂದಿಷ್ಟು ಕೈ ಪಳಗಿದ ಮೇಲೆ ಎಲ್‌ಪಿಜಿ ಮೆಕ್ಯಾನಿಕ್ ಸರ್ಟಿಫಿಕೇಟ್‌ಗೆ ಕೂರಲಿ. ಸ್ಕಿಲ್ ಇಂಡಿಯಾ ಡಿಜಿಟಲ್ ಪೋರ್ಟಲ್, ರಾಜ್ಯದ ಕೌಶಲ್‌ಕರ್ ಪೋರ್ಟಲ್ ಎರಡರಲ್ಲೂ ಹೆಸರು ನೋಂದಾಯಿಸಿ, ಹತ್ತಿರದಲ್ಲಿ ಯಾವಾಗ ಬ್ಯಾಚ್ ಇದೆ ಅಂತ ನೋಡುತ್ತಿರಲಿ. ಮೊದಲೇ ಕೋರ್ಸ್ ಮಾಡಿ ಆಮೇಲೆ ಕೆಲಸ ಹುಡುಕುವವರು ನೋಟ್ಸ್ ಬರೆದುಕೊಂಡು ಬರುತ್ತಾರೆ, ಗ್ರೀಸ್ ಮುಟ್ಟಿರುವುದಿಲ್ಲ.

ಗೀಸರ್ ಮಾಡಬೇಕು ಅಂತಿದ್ದರೆ ನೀರಿನ ಕೆಲಸವೂ ಬರಬೇಕು. ಅದಕ್ಕೆ ಆರ್‌ಸೆಟಿ ಒಳ್ಳೆಯದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್‌ನ ಮಾದರಿಯಲ್ಲೇ ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ತರಬೇತಿ ಕೇಂದ್ರಗಳಿವು. ಹಳ್ಳಿಯ ಯುವಕರಿಗೆ ಊಟ, ವಸತಿ ಸಹಿತ ಉಚಿತ. ಪ್ಲಂಬಿಂಗ್ ಕೋರ್ಸ್ ಇರುತ್ತದೆ, ಸ್ವಂತ ಕೆಲಸ ಶುರು ಮಾಡಲು ಲೆಕ್ಕ ಬರೆಯುವುದನ್ನೂ ಹೇಳಿಕೊಡುತ್ತಾರೆ. ಆಮೇಲೆ ಯಾವುದಾದರೂ ಒಂದು ಗೀಸರ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ, ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ, ಕೆಲಸಕ್ಕೆ ಸೇರಲಿ. ಒಂದು ಕಂಪನಿಯ ಸರ್ಕಿಟ್ ಚೆನ್ನಾಗಿ ಗೊತ್ತಾದರೆ ಉಳಿದವರದ್ದು ಓದಿಕೊಳ್ಳಬಹುದು. ಅಲ್ಲಿಯ ತನಕ ಗೀಸರ್ ರಿಪೇರಿಗೆ ಕರೆ ಬಂದರೆ ‘ನನಗೆ ಬರಲ್ಲ’ ಅಂತ ಹೇಳಲಿ. ಗಿರಾಕಿ ಕೈತಪ್ಪಿ ಹೋಗಲಿ, ಪರವಾಗಿಲ್ಲ.

ದುಡ್ಡಿನ ಮಾತೂ ಆಡಬೇಕು. ನಮ್ಮ ಜನ ಹಾಕಿದ ಸ್ಪೇರ್ ಪಾರ್ಟಿಗೆ ದುಡ್ಡು ಕೊಡುತ್ತಾರೆ, ಪರೀಕ್ಷೆ ಮಾಡಿದ ಹೊತ್ತಿಗೆ ಕೊಡುವುದಿಲ್ಲ. ಬಸ್ಸು ಹಿಡಿದು ಹಳ್ಳಿಗೆ ಬಂದವನು ಮುಂದಿನ ಮನೆಗೆ ಓಡದೆ ಏನು ಮಾಡಿಯಾನು? ಬೇಡದ ರೆಗ್ಯುಲೇಟರ್ ಬದಲಿಸಿ ಹೋಗುವುದಕ್ಕೂ ಇದೇ ಕಾರಣ. ಮುಂದಿನ ಸಲ ನಿಮ್ಮ ಮೆಕ್ಯಾನಿಕ್ ಬಂದಾಗ ಮೊದಲೇ ಹೇಳಿ: ಪಾರ್ಟಿನ ದುಡ್ಡು ಬೇರೆ, ನೊರೆ ಹಚ್ಚಿ ಒತ್ತಡ ಅಳೆದು ತೋರಿಸಿದ್ದಕ್ಕೆ ಬೇರೆ ಕೊಡುತ್ತೇವೆ ಅಂತ. ಕಲಿಯುವ ಮನಸ್ಸಿದ್ದವನಾದರೆ ಆ ಟ್ಯೂಬ್ ಮಾಡಿಕೊಂಡೇ ಬರುತ್ತಾನೆ. ಗೀಸರಿನ ಆ ವೈರಿನ ಬಗ್ಗೆಯೂ ಅವನನ್ನೇ ನೇರವಾಗಿ ಕೇಳಿ. ಯಾವ ವೈರ್, ಯಾಕೆ ಕತ್ತರಿಸಿದೆ ಅಂತ ಬಿಡಿಸಿ ಹೇಳಲು ಬಾರದಿದ್ದರೆ ಒಲೆಗೆ ಮಾತ್ರ ಕರೆಯಿರಿ.

ಹುಡುಗನಿಗೆ ಮನೆಯಲ್ಲೇ ಶುರು ಮಾಡಲು ಒಂದು ಕೆಲಸ. ಹಳೇ ಸ್ಟೌವ್ ಇದ್ದರೆ ಗುಜರಿಗೆ ಹಾಕಬೇಡಿ. ಗ್ಯಾಸ್ ಸಂಪರ್ಕ ಏನೂ ಬೇಡ. ಎರಡೂ ಕಾಕ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚದೆ ಮತ್ತೆ ಜೋಡಿಸಲಿ. ಆಮೇಲೆ ಕಾಕನ್ನು ಬಂದ್ ಮಾಡಿ, ಒಂದು ತುದಿಗೆ ಟ್ಯೂಬ್ ಸಿಕ್ಕಿಸಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಬಾಯಿಂದ ಊದಲಿ. 30 ಸೆಂಟಿಮೀಟರ್ ನೀರಿನಷ್ಟು ಒತ್ತಡ ಬಾಯಲ್ಲೇ ಸುಲಭವಾಗಿ ಬರುತ್ತದೆ. ಇನ್ನೊಮ್ಮೆ ಬೇಕೆಂದೇ ಶಂಕುಗಳನ್ನು ಅದಲು ಬದಲು ಮಾಡಿ ಊದಿ ನೋಡಲಿ, ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ. ಗ್ರೀಸ್ ಹಚ್ಚಿ ಮೂರನೇ ಸಲ. ಈ ಪ್ರಯೋಗಕ್ಕೆ ಬಳಸಿದ ಕಾಕನ್ನು ಮಾತ್ರ ಮತ್ತೆ ಯಾವ ಒಲೆಗೂ ಹಾಕುವುದು ಬೇಡ.